ಸಣ್ಣ ಎಸ್, ದೊಡ್ಡ ಎಸ್: ಆರ್‌ನಲ್ಲಿ ಮೆಟ್ಟಿಲು ಗ್ರಾಫ್ ಹಾಕಿ ನೋಡಿದ್ದು

2025ರ ಜುಲೈನಲ್ಲಿ ಒಂದು ದಿನ ಕೈಯಲ್ಲಿ ಪ್ರಿಂಟ್‌ಔಟ್ ಹಿಡಿದುಕೊಂಡು ನಮ್ಮ ಮನೆ ಸಾಲದ ಬ್ಯಾಂಕಿಗೆ ಹೋದೆ. ಜಗಳಕ್ಕೇ ಹೋಗಿದ್ದು. ಸಾಲ ತೆಗೆದುಕೊಂಡದ್ದು 2022ರ ಡಿಸೆಂಬರ್‌ನಲ್ಲಿ, ರೆಪೊ ದರಕ್ಕೆ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಕಟ್ಟಿದ ಬಡ್ಡಿ. ಅಂದಿನಿಂದ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಯಾವಾಗ ಎಷ್ಟು ಮಾಡಿತು ಅಂತ ಹಿಂದಿನ ರಾತ್ರಿ ಆರ್‌ನಲ್ಲಿ ಗ್ರಾಫ್ ಹಾಕಿದ್ದೆ. ಆರ್ ಅಂದರೆ ಅಂಕಿಅಂಶದ ಲೆಕ್ಕಕ್ಕೂ ಗ್ರಾಫಿಗೂ ಬಳಸುವ ಕಂಪ್ಯೂಟರ್ ಭಾಷೆ. ಗ್ರಾಫ್ ನೋಡಿದರೆ 2023ರ ಫೆಬ್ರವರಿಯಲ್ಲೇ ದರ 6.25ಕ್ಕೆ ಇಳಿದಿದೆ. ನಮ್ಮ ಕಂತು ಮಾತ್ರ ಆಗ ಇಳಿದಿರಲಿಲ್ಲ. ನಮ್ಮ ಮನೆಯವರಂತೂ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡೇ ನಿಂತಿದ್ದರು.

ಅಲ್ಲಿದ್ದ ಆಫೀಸರ್ ಚಿಕ್ಕ ಹುಡುಗ. ಹಾಳೆ ತಿರುಗಿಸಿ ನೋಡಿದ. "ಮೇಡಂ, ಫೆಬ್ರವರಿ 2023ರಲ್ಲಿ ರೆಪೊ ಏರಿದ್ದು ಅಲ್ವಾ? ನೀವು ಇಳಿಸಿಬಿಟ್ಟಿದ್ದೀರಿ" ಅಂದ. ನಾನು ಮತ್ತೆ ನೋಡಿದೆ. ಹೌದು. ಏರಿದ್ದು. 6.25ರಿಂದ 6.50ಕ್ಕೆ. ಇಳಿದದ್ದು ಬರೋಬ್ಬರಿ ಎರಡು ವರ್ಷ ಆದಮೇಲೆ, 2025ರ ಫೆಬ್ರವರಿ 7ಕ್ಕೆ.

ಹಾಸನದಲ್ಲಿ ಡಿಗ್ರಿ ಮಕ್ಕಳಿಗೆ 19 ವರ್ಷದಿಂದ ಸ್ಟಾಟಿಸ್ಟಿಕ್ಸ್ ಹೇಳಿಕೊಡುತ್ತಿದ್ದೇನೆ. ಅವತ್ತು ಬ್ಯಾಂಕಿನ ಕುರ್ಚಿಯಿಂದ ಏಳೋದಕ್ಕೂ ನಾಚಿಕೆ ಆಯಿತು. ತಪ್ಪು ಬ್ಯಾಂಕಿನದಲ್ಲ, ಆರ್‌ನದೂ ಅಲ್ಲ, ನನ್ನದು. ತಪ್ಪಿನ ಅಳತೆ ಒಂದೇ ಒಂದು ಅಕ್ಷರ. ಅದಾದಮೇಲೆ ಹಟ ಹಿಡಿದು ಆರ್‌ನಲ್ಲಿ ಮೆಟ್ಟಿಲು ಗ್ರಾಫ್ ಹಾಕೋಕೆ ಇರುವ ಸಾಮಾನನ್ನೆಲ್ಲ ತೆಗೆದು ನೋಡಿದೆ. ಅದರ ವಿಮರ್ಶೆ ಇದು. ಕೋಡನ್ನು ಫೋನಿನಲ್ಲಿ ಹಳೇ ವಿದ್ಯಾರ್ಥಿಗಳಿಗೆ ಹೇಳೋ ಹಾಗೆ ಬಾಯಿಮಾತಿನಲ್ಲೇ ಹೇಳುತ್ತೇನೆ. ಅಭ್ಯಾಸ ಆಗಿಹೋಗಿದೆ.

ಮೊದಲು ಆ ಅಕ್ಷರದ ವಿಷಯ. ಆರ್‌ನ ಮಾಮೂಲಿ ಪ್ಲಾಟ್ ಕಮಾಂಡಿಗೆ ಟೈಪ್ ಅಂತ ಒಂದು ಆಯ್ಕೆ ಇದೆ. ಅಲ್ಲಿ ಎಲ್ ಕೊಟ್ಟರೆ ಚುಕ್ಕೆಯಿಂದ ಚುಕ್ಕೆಗೆ ನೇರ ಗೆರೆ. ಎಸ್ ಕೊಟ್ಟರೆ ಮೆಟ್ಟಿಲು. ಆದರೆ ಎಸ್ ಎರಡಿವೆ. ಸಣ್ಣ ಎಸ್ ಮೊದಲು ಅಡ್ಡ ನಡೆದು ಆಮೇಲೆ ಹತ್ತುತ್ತದೆ ಅಥವಾ ಇಳಿಯುತ್ತದೆ. ದೊಡ್ಡ ಎಸ್ ನಿಂತಲ್ಲೇ ಹತ್ತಿ ಅಥವಾ ಇಳಿದು ಆಮೇಲೆ ಅಡ್ಡ ನಡೆಯುತ್ತದೆ. ಇವೆರಡರ ವ್ಯತ್ಯಾಸ ತೋರಿಸಲು ಕ್ಲಾಸಿಗೆ ಅಂತ ಒಂದು ಫೈಲ್ ಮಾಡಿಟ್ಟಿದ್ದೆ. ಆ ಫೈಲಿನಿಂದಲೇ ಸಾಲನ್ನು ಕಾಪಿ ಮಾಡಿ ರೆಪೊ ಅಂಕಿಗಳನ್ನು ತುಂಬಿದೆ. ಕಾಪಿಯಾದದ್ದು ದೊಡ್ಡ ಎಸ್ ಇರುವ ಸಾಲು.

ನನ್ನ ಹತ್ತಿರ ಇದ್ದದ್ದು ಐದು ಸಾಲು. 2022 ಡಿಸೆಂಬರ್ 7ಕ್ಕೆ 6.25, 2023 ಫೆಬ್ರವರಿ 8ಕ್ಕೆ 6.50, 2025 ಫೆಬ್ರವರಿ 7ಕ್ಕೆ 6.25, ಏಪ್ರಿಲ್ 9ಕ್ಕೆ 6.00, ಜೂನ್ 6ಕ್ಕೆ 5.50. ದೊಡ್ಡ ಎಸ್ ಏನು ಮಾಡಿತು ನೋಡಿ. 2023 ಫೆಬ್ರವರಿ 8ರ ಚುಕ್ಕೆಗೆ ಬಂದು ನಿಂತಿತು. ಮುಂದಿನ ಚುಕ್ಕೆ 6.25ರಲ್ಲಿದೆ. ಸರಿ, ಅಲ್ಲೇ 6.25ಕ್ಕೆ ಇಳಿದು, ಅಲ್ಲಿಂದ ಎರಡು ವರ್ಷ ಅಡ್ಡ ನಡೆಯಿತು. ಮುಂದೆ ಆಗೋದನ್ನು ಈಗಲೇ ಮಾಡಿಬಿಡೋದು ಅದರ ಗುಣ. ಬೆಲೆ, ದರ, ಸಂಬಳ, ಬಸ್ ಚಾರ್ಜು, ಇಂಥವಕ್ಕೆಲ್ಲ ಸಣ್ಣ ಎಸ್ಸೇ ಬೇಕು. ಹೊಸ ದರ ಬರುವ ತನಕ ಹಳೇ ದರ, ಅಷ್ಟೇ ಅಲ್ವಾ.

ಹಾಗಂತ ಎಲ್ ಹಾಕಿ ಬಚಾವಾಗುತ್ತೇನೆ ಅನ್ನಬೇಡಿ. ಎಲ್ ಹಾಕಿದರೆ 6.50ರಿಂದ 6.25ಕ್ಕೆ ಎರಡು ವರ್ಷ ಉದ್ದದ ಇಳಿಜಾರು ಬರುತ್ತದೆ. ದರ ದಿನಾ ಚೂರು ಚೂರು ಇಳಿದ ಹಾಗೆ. ಅಂಥ ದಿನ ಒಂದೂ ಇರಲಿಲ್ಲ. ಎಕ್ಸೆಲ್‌ನ ಲೈನ್ ಚಾರ್ಟೂ ಇದೇ ಇಳಿಜಾರನ್ನೇ ಎಳೆಯುತ್ತದೆ. ಅದರಲ್ಲಿ ಮೆಟ್ಟಿಲು ಅಂತ ಬೇರೆ ಚಾರ್ಟೇ ಇಲ್ಲ. ಪ್ರತಿ ಸಾಲನ್ನೂ ಎರಡೆರಡು ಸಲ ಬರೆದು ಮೋಸಮಾಡಿ ಮೆಟ್ಟಿಲು ಬರಿಸಬೇಕು.

ಇನ್ನು ನಿಜವಾದ ಸರಕಿಗೆ ಬರೋಣ. ಅದರ ಹೆಸರು ಸ್ಟೆಪ್‌ಫನ್. ಆರ್ ಹಾಕಿಕೊಂಡರೆ ಜೊತೆಗೇ ಬರುತ್ತದೆ, ಬೇರೆ ಪ್ಯಾಕೇಜ್ ಬೇಡ. ಬರೆದವರು ಮಾರ್ಟಿನ್ ಮೆಕ್ಲರ್, ಸ್ವಲ್ಪ ಮೂಲ ಕೋಡ್ ಥಾಮಸ್ ಲಮ್ಲಿಯವರದು ಅಂತ ಅದರ ಹೆಲ್ಪ್ ಪುಟದಲ್ಲೇ ಇದೆ. ನನಗೆ ಇದು ಯಾಕೆ ಇಷ್ಟ ಅಂದರೆ, ಇದು ಚಿತ್ರ ಬಿಡಿಸುವುದಕ್ಕೆ ಮೊದಲು ಒಂದು ಫಂಕ್ಷನ್ ಕಟ್ಟುತ್ತದೆ. ಟೈಪ್ ಎಸ್‌ಗೆ ಗೊತ್ತಿರುವುದು ಚುಕ್ಕೆಗಳನ್ನು ಹೇಗೆ ಸೇರಿಸಬೇಕು ಅನ್ನೋದು ಮಾತ್ರ. ಸ್ಟೆಪ್‌ಫನ್‌ಗೆ ಯಾವ ದಿನ ಯಾವ ದರ ಅನ್ನೋದೂ ಗೊತ್ತು. ನೀವು ಅದಕ್ಕೆ ರೆಪೊ ಅಂತ ಹೆಸರಿಟ್ಟರೆ, 2024 ಜನವರಿ 15 ಕೊಟ್ಟು ಕೇಳಬಹುದು. 6.5 ಅನ್ನುತ್ತದೆ. ದರ ಬದಲಾದ ದಿನವನ್ನೇ, 2025 ಫೆಬ್ರವರಿ 7ನ್ನೇ ಕೊಟ್ಟರೆ 6.25 ಅನ್ನುತ್ತದೆ. ಅವತ್ತು ಬ್ಯಾಂಕಿಗೆ ಹೋಗುವ ಮೊದಲು ಇದನ್ನೊಂದು ಕೇಳಿದ್ದರೆ ಮರ್ಯಾದೆ ಉಳೀತಿತ್ತು.

ಮೊದಲ ಸಲ ಉಪಯೋಗಿಸುವವರು ಎಲ್ಲರೂ ಒಂದೇ ಕಡೆ ಎಡವುತ್ತಾರೆ. ದಿನಾಂಕ ಎಷ್ಟಿವೆಯೋ ದರ ಅದಕ್ಕಿಂತ ಒಂದು ಜಾಸ್ತಿ ಇರಬೇಕು. ಇಲ್ಲದಿದ್ದರೆ ವೈ ಅನ್ನೋದು ಎಕ್ಸ್‌ಗಿಂತ ಒಂದು ಉದ್ದ ಇರಬೇಕು ಅಂತ ಕೆಂಪಕ್ಷರದಲ್ಲಿ ಬೈಯುತ್ತದೆ. ಮಕ್ಕಳು ಇದನ್ನು ತಲೆಹರಟೆ ಅಂದುಕೊಳ್ಳುತ್ತಾರೆ. ನನಗೆ ಇದೇ ಸರಿ ಅನಿಸುತ್ತದೆ. 2022ರ ಮೇ 4ರಿಂದ ಲೆಕ್ಕ ಹಿಡಿದರೆ 2025 ಜೂನ್ 6ರ ತನಕ ರೆಪೊ 9 ಸಲ ಬದಲಾಗಿದೆ. ಆದರೆ ದರಗಳು 10: 4.00, 4.40, 4.90, 5.40, 5.90, 6.25, 6.50, ಮತ್ತೆ 6.25, 6.00, 5.50. ಮೇ 4ಕ್ಕೆ ಮೊದಲು ಇದ್ದ 4.00 ಎಲ್ಲಿ ಹೋಗಬೇಕು? ಒಂಬತ್ತು ಗೇಟಿದ್ದರೆ ಹತ್ತು ಹೊಲ. ಕ್ಲಾಸಲ್ಲಿ ನಾನು ಹೀಗೇ ಹೇಳೋದು. ಇನ್ನೊಂದು ಲಾಭ, ಗ್ರಾಫಿನ ಎರಡೂ ತುದಿಯಲ್ಲಿ ಗೆರೆಯನ್ನು ಸ್ವಲ್ಪ ಹೊರಗೆ ಎಳೆದು ತೋರಿಸುತ್ತದೆ. ಕೊನೆಯ 5.50 ಕಣ್ಣಿಗೆ ಬೀಳುತ್ತದೆ.

ಈಗ ದೂರುಗಳು. ದಿನಾಂಕ ಅಂದರೆ ಇದಕ್ಕೆ ಅಂಕಿ ಮಾತ್ರ. ಗ್ರಾಫಿನ ಕೆಳಗೆ ಮೇ 2022 ಅಂತ ಬರುವ ಬದಲು 19,000ದ ಮೇಲಿನ ಅಂಕಿಗಳು ಬರುತ್ತವೆ. 1970 ಜನವರಿ 1ರಿಂದ ಎಷ್ಟನೇ ದಿನ ಅನ್ನೋ ಲೆಕ್ಕ ಅದು. 2022 ಮೇ 4 ಅಂದರೆ 19116. ನೀವೇ ಅಕ್ಷ ಅಳಿಸಿ, ಆಕ್ಸಿಸ್ ಡೇಟ್ ಕಮಾಂಡ್ ಹಾಕಿ ಬರೆಯಬೇಕು. ತಲೆಬರಹ ಕೊಡದಿದ್ದರೆ ನೀವು ಬರೆದ ಕೋಡನ್ನೇ ತಂದು ಗ್ರಾಫಿನ ತಲೆ ಮೇಲೆ ಅಂಟಿಸುತ್ತದೆ. ಮದುವೆ ಕಾರ್ಡಿನ ಮೇಲೆ ಪ್ರೆಸ್ಸಿನ ಬಿಲ್ ಅಚ್ಚು ಹಾಕಿದ ಹಾಗೆ.

ಇವೆರಡೂ ಸಣ್ಣವು. ದೊಡ್ಡ ದೂರು ಚುಕ್ಕೆಯದು. ಪಿಯುಸಿಯಿಂದಲೂ ನಾವು ಕಲಿತದ್ದು, ಕಲಿಸಿದ್ದು ಏನು? ಮೆಟ್ಟಿಲಿನ ತುದಿಯಲ್ಲಿ ತುಂಬಿದ ಚುಕ್ಕೆ ಇದ್ದರೆ ಆ ಬೆಲೆ ಸೇರಿದೆ, ಖಾಲಿ ಉಂಗುರ ಇದ್ದರೆ ಸೇರಿಲ್ಲ. ಸ್ಟೆಪ್‌ಫನ್ ಚುಕ್ಕೆ ಇಡುವ ಜಾಗ ಸರಿಯಾಗೇ ಇದೆ. ಜಿಗಿತದ ದಿನ ನಿಜವಾಗಿ ಯಾವ ಬೆಲೆಯೋ ಅಲ್ಲೇ ಇಡುತ್ತದೆ. ಆದರೆ ಡಿಫಾಲ್ಟಾಗಿ ಇಡುವುದು ಖಾಲಿ ಉಂಗುರ! ಬೋರ್ಡಿನ ಮೇಲೆ ಹಾಕಿದ ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ, "ಮ್ಯಾಮ್, ಉಲ್ಟಾ ಅಲ್ವಾ ಇದು?" ಅಂದಳು. ಉಲ್ಟಾನೇ. ಪಿಸಿಎಚ್ ಅನ್ನೋ ಆಯ್ಕೆಗೆ 19 ಕೊಟ್ಟರೆ ತುಂಬಿದ ಚುಕ್ಕೆ ಬರುತ್ತದೆ. ಅದೇ ಮನೆತನದ ಇಸಿಡಿಎಫ್ ಗ್ರಾಫಿಗೆ (ಒಂದೊಂದು ಬೆಲೆಯ ತನಕ ಎಷ್ಟು ಪಾಲು ಅಂಕಿಗಳು ಬಂದವು ಅಂತ ತೋರಿಸುವುದು) 19 ಡಿಫಾಲ್ಟಾಗೇ ಇದೆ. ಅಣ್ಣನಿಗೆ ಒಂದು ನ್ಯಾಯ, ತಮ್ಮನಿಗೆ ಒಂದು.

ಜಿಗಿತದ ಬಿಂದು ಯಾರ ಪಾಲಿಗೆ ಅನ್ನೋದನ್ನು ಬದಲಾಯಿಸಲು ರೈಟ್ ಅಂತ ಒಂದು ಸ್ವಿಚ್ ಇದೆ. ಉದಾಹರಣೆಗೆ ಆದಾಯ ತೆರಿಗೆಯ ಹೊಸ ಪದ್ಧತಿ, 2025-26ರದು. 4 ಲಕ್ಷದ ತನಕ ಏನಿಲ್ಲ, ಅಲ್ಲಿಂದ 8ರ ತನಕ 5 ಪರ್ಸೆಂಟ್, ಹೀಗೆ ನಾಲ್ಕು ನಾಲ್ಕು ಲಕ್ಷಕ್ಕೆ ಐದೈದು ಏರುತ್ತಾ 24 ಲಕ್ಷದ ಮೇಲೆ 30. ಇಲ್ಲಿ ಸರಿಯಾಗಿ 4 ಲಕ್ಷ ಅಂದರೆ ಸೊನ್ನೆಯೇ. ಸುಮ್ನೆ ಬಿಟ್ಟರೆ ಸ್ಟೆಪ್‌ಫನ್ 5 ಅನ್ನುತ್ತದೆ. ರೈಟ್ ಈಕ್ವಲ್ ಟು ಟ್ರೂ ಕೊಟ್ಟರೆ 0 ಅನ್ನುತ್ತದೆ. ತೆರಿಗೆಯಲ್ಲಿ ಇದರಿಂದ ಒಂದು ಪೈಸೆಯೂ ಹೋಗಲ್ಲ. ಪರೀಕ್ಷೆಯಲ್ಲಿ ಒಂದು ಮಾರ್ಕ್ ಹೋಗುತ್ತದೆ.

ಜಿಜಿಪ್ಲಾಟ್ ಅನ್ನೋ ಗ್ರಾಫ್ ಪ್ಯಾಕೇಜ್ ಇಷ್ಟಪಡುವವರಿಗೆ ಜಿಯೋಮ್ ಸ್ಟೆಪ್ ಇದೆ. ನೋಡೋಕೆ ಚೆಂದ. ದಿನಾಂಕ ತಾನೇ ಸರಿಯಾಗಿ ಬರೆದುಕೊಳ್ಳುತ್ತದೆ. ದಿಕ್ಕಿಗೆ ಎಚ್‌ವಿ, ವಿಎಚ್ ಅಂತ ಹೆಸರು. ಮೊದಲು ಅಡ್ಡವೋ ಮೊದಲು ಉದ್ದವೋ ಅನ್ನೋದು ಹೆಸರಲ್ಲೇ ಇದೆ, ಡಿಫಾಲ್ಟ್ ಎಚ್‌ವಿ. ಸಣ್ಣ ಎಸ್, ದೊಡ್ಡ ಎಸ್‌ಗಿಂತ ಇದು ಎಷ್ಟೋ ವಾಸಿ. ಹೀಗೆ ಹೆಸರಿದ್ದಿದ್ದರೆ ನಾನು ಎಡವುತ್ತಿರಲಿಲ್ಲ. ಮಿಡ್ ಅಂತ ಇನ್ನೊಂದಿದೆ, ಎರಡು ಚುಕ್ಕೆಗಳ ನಡುಮಧ್ಯೆ ಜಿಗಿಯುತ್ತದೆ. ರೆಪೊಗೆ ಹಾಕಿ ನೋಡಿದೆ. 2024ರ ಫೆಬ್ರವರಿಯಲ್ಲಿ ದರ ಇಳಿಯಿತು! ಯಾರೂ ಇಳಿಸದೇ ಇದ್ದ ತಿಂಗಳಲ್ಲಿ.

ಆದರೆ ಇದರ ಕೊನೆಯ ಮೆಟ್ಟಿಲು ಮೊಂಡು. ಜೂನ್ 6ಕ್ಕೆ 5.50ಕ್ಕೆ ಇಳಿಯಿತು ಅಂತ ಗೆರೆ ಕೆಳಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಮುಂದಕ್ಕೆ ಅಡ್ಡಗೆರೆ ಇಲ್ಲ. ನಮಗೆ ಬೇಕಾದದ್ದೇ ಕೊನೆಯ ದರ, ಅದೇ ಕಾಣೋದಿಲ್ಲ. ಪರಿಹಾರ ಸುಲಭ. ಟೇಬಲ್ಲಿನ ಕೊನೆಗೆ ಗ್ರಾಫ್ ಹಾಕುವ ದಿನದ ತಾರೀಖು ಹಾಕಿ ಕೊನೆಯ ದರವನ್ನೇ ಇನ್ನೊಂದು ಸಲ ಬರೆದರಾಯಿತು. ಟೈಪ್ ಎಸ್‌ಗೂ ಇದೇ ಕಾಯಿಲೆ, ಇದೇ ಮದ್ದು.

ಇನ್ನು ನನಗೆ ಪ್ರೀತಿಯ ಭಾಗ, ನಮ್ಮ ಮನೆ ಗ್ಯಾಸ್ ಸಿಲಿಂಡರ್. ಹೊಸ ಸಿಲಿಂಡರ್ ಹಚ್ಚಿದ ದಿನ ನಮ್ಮತ್ತೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಸುತ್ತ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಾರೆ. ಪಕ್ಕದಲ್ಲಿ ಗ್ಯಾ ಅಂತ ಒಂದಕ್ಷರ. ಇದಕ್ಕಿಂತ ಶುದ್ಧವಾದ ಡೇಟಾ ನನಗೆ ಕಾಲೇಜಿನಲ್ಲೂ ಸಿಕ್ಕಿಲ್ಲ. 14.2 ಕೆಜಿ ಸಿಲಿಂಡರ್ ಎಷ್ಟು ದಿನ ಬಂತು ಅಂತ ಬರೆದುಕೊಂಡೆ. ಮುಗಿದವು ಹತ್ತು: 31, 34, 34, 36, 38, 38, 41, 43, 47, 52 ದಿನ. 52 ಬಂದದ್ದು ಬೇಸಿಗೆ ರಜೆಗೆ ನಾವು ಊರಿಗೆ ಹೋಗಿದ್ದಾಗ. 31 ಬಂದದ್ದು ನಾದಿನಿ ಬಾಣಂತನಕ್ಕೆ ಬಂದಿದ್ದಾಗ. ದಿನಾ ಬಿಸಿನೀರು, ದಿನಾ ಕಷಾಯ.

ಇಸಿಡಿಎಫ್ ಅಂತ ಕರೆದು ಈ ಹತ್ತು ಅಂಕಿ ಕೊಟ್ಟು ಪ್ಲಾಟ್ ಅಂದೆ. ಎರಡು ಸಾಲಿನ ಕೆಲಸ. ಎಡಗಡೆ ಸೊನ್ನೆಯಿಂದ ಹೊರಟು ಬಲಗಡೆ ಒಂದಕ್ಕೆ ಹತ್ತುವ ಮೆಟ್ಟಿಲು. ಸೊನ್ನೆಗೂ ಒಂದಕ್ಕೂ ತೆಳು ಬೂದು ಗೆರೆ ತಾನೇ ಹಾಕುತ್ತದೆ. ಸಿಲಿಂಡರ್ ಹತ್ತಾದರೂ ಮೆಟ್ಟಿಲು ಎಂಟೇ. 34 ಮತ್ತು 38ರಲ್ಲಿ ಎರಡೆರಡು ಸಿಲಿಂಡರ್ ಒಟ್ಟಿಗೆ ಬಿದ್ದಿವೆ. ಅಲ್ಲಿ ಮೆಟ್ಟಿಲು ಎರಡರಷ್ಟು ಎತ್ತರ. ಇದನ್ನೇ ಹಿಸ್ಟೋಗ್ರಾಂ ಹಾಕಿದರೆ ಡಬ್ಬ ಎಷ್ಟು ಅಗಲ ಇರಬೇಕು ಅಂತ ನಾವು ತೀರ್ಮಾನ ಮಾಡಬೇಕು, ಅಗಲ ಬದಲಿಸಿದರೆ ಕಥೆಯೇ ಬದಲು. ಇಲ್ಲಿ ಆ ಗೊಡವೆ ಇಲ್ಲ. ಪ್ರತಿ ಸಿಲಿಂಡರೂ ತನ್ನ ದಿನದ ಮೇಲೆ ನಿಂತಿದೆ. ಅತ್ತೆಗೆ ತೋರಿಸಿದೆ. ಕನ್ನಡಕ ಏರಿಸಿ 38ರ ಮೇಲೆ ಬೆರಳಿಟ್ಟು, "ಇಲ್ಲಿಗೆ ಅರ್ಧಕ್ಕಿಂತ ಜಾಸ್ತಿ ಖಾಲಿ" ಅಂದರು. ಹತ್ತರಲ್ಲಿ ಆರು. ಸರಿಯಾಗಿ ಓದಿದರು.

ಇಸಿಡಿಎಫ್ ಗ್ರಾಫಿನಲ್ಲಿ ಮೆಟ್ಟಿಲಿನ ನಿಲುವು ಗೆರೆ ಇರುವುದಿಲ್ಲ, ಅಡ್ಡಗೆರೆಗಳು ಗಾಳಿಯಲ್ಲಿ ತೇಲುತ್ತವೆ. ಗಣಿತದ ಪ್ರಕಾರ ಅದೇ ಸರಿ. ಮನೆಯವರಿಗೆ ತೋರಿಸುವಾಗ ಮಾತ್ರ ವರ್ಟಿಕಲ್ಸ್ ಈಕ್ವಲ್ ಟು ಟ್ರೂ ಹಾಕಿ. ಇಲ್ಲದಿದ್ದರೆ "ಪ್ರಿಂಟರ್ ಇಂಕ್ ಮುಗಿದಿದೆಯಾ" ಅಂತ ಕೇಳುತ್ತಾರೆ.

ಈಗ ತೊಡಕು. ನಾನು ಎರಡು ಸಿಲಿಂಡರ್ ಬಿಟ್ಟಿದ್ದೆ. ಒಂದು, ಲೆಕ್ಕ ಬರೆದ ದಿನ ಒಲೆಗೆ ಹಚ್ಚಿದ್ದದ್ದು. 40 ದಿನ ಆಗಿತ್ತು, ಇನ್ನೂ ಉರಿಯುತ್ತಿತ್ತು. ಇನ್ನೊಂದು, ಮಾವನವರ ತಿಥಿ ದಿನ ಅಡುಗೆ ಭಟ್ಟರು ಮಹಡಿ ಮೇಲಿನ ದೊಡ್ಡ ಒಲೆಗೆ ಹೊತ್ತುಕೊಂಡು ಹೋದದ್ದು. ಹಚ್ಚಿ 35 ದಿನ ಆಗಿತ್ತು, ಅಲ್ಲಿಗೆ ನಮ್ಮ ಲೆಕ್ಕ ತಪ್ಪಿತು. ಇವು ಎಷ್ಟು ದಿನ ಬರುತ್ತಿದ್ದವೋ ಗೊತ್ತಿಲ್ಲ. ಆದರೆ 35 ದಿನ, 40 ದಿನವಂತೂ ಬಂದವು ಅನ್ನೋದು ಗೊತ್ತು. ಆ ತಿಳಿವನ್ನು ಬಿಸಾಡಬಾರದು. ಆಸ್ಪತ್ರೆಗಳಲ್ಲಿ ರೋಗಿಗಳ ಬಗ್ಗೆ ಇದೇ ಸಮಸ್ಯೆ ಬರುತ್ತದೆ. ಅದಕ್ಕೆ 1958ರಲ್ಲಿ ಕಪ್ಲಾನ್ ಮತ್ತು ಮೆಯರ್ ಒಂದು ದಾರಿ ಹೇಳಿದರು. ಆರ್‌ನಲ್ಲಿ ಅದು ಸರ್ವೈವಲ್ ಪ್ಯಾಕೇಜಿನಲ್ಲಿದೆ. ಟೆರ್ರಿ ಥರ್ನೋ ಅವರದು, ಸಾಮಾನ್ಯವಾಗಿ ಆರ್ ಜೊತೆಗೇ ಬಂದಿರುತ್ತದೆ.

ದಿನಗಳ ಪಕ್ಕದಲ್ಲಿ ಇನ್ನೊಂದು ಕಾಲಂ. ಮುಗಿದದ್ದಕ್ಕೆ 1, ಮುಗಿಯದ್ದಕ್ಕೆ 0. ಸರ್ವ್‌ಫಿಟ್ ಅಂದರೆ ಕೆಲಸ ಆಯಿತು. ಈ ಸಲ ಮೆಟ್ಟಿಲು ಇಳಿಯುತ್ತದೆ, ಇನ್ನೂ ಉರಿಯುತ್ತಿರುವ ಸಿಲಿಂಡರಿನ ಪಾಲು ಅದು. 35 ಮತ್ತು 40ರಲ್ಲಿ ಮೆಟ್ಟಿಲು ಇಳಿಯುವುದಿಲ್ಲ. ಮಾರ್ಕ್ ಟೈಮ್ ಟ್ರೂ ಅಂದರೆ ಅಲ್ಲೊಂದು ಕೂಡಿಸುವ ಚಿಹ್ನೆ ಹಾಕುತ್ತದೆ. ಅವೆರಡು ಲೆಕ್ಕದಿಂದ ಹೊರಟಮೇಲೆ ಉಳಿದವು ಕಡಿಮೆ. ಹಾಗಾಗಿ ಆಮೇಲಿನ ಮೆಟ್ಟಿಲುಗಳ ಆಳ ಬೇರೆ ಆಗುತ್ತದೆ. ಬರೀ ಹತ್ತು ಸಿಲಿಂಡರ್ ಲೆಕ್ಕದಲ್ಲಿ 40 ದಿನ ದಾಟುವವು ನೂರಕ್ಕೆ 40. ಹನ್ನೆರಡನ್ನೂ ಸೇರಿಸಿದರೆ ನೂರಕ್ಕೆ ಸುಮಾರು 47. ಮೀಡಿಯನ್, ಅಂದರೆ ಅರ್ಧದಷ್ಟು ಸಿಲಿಂಡರ್ ಮುಗಿಯುವ ದಿನ, ಎರಡರಲ್ಲೂ 38. ಬುಕ್ ಮಾಡೋದು ಯಾವಾಗ ಅಂತ ಕೇಳಿದ ನಮ್ಮ ಮನೆಯವರಿಗೆ, ಮೂವತ್ತೊಂದನೇ ದಿನ ಅಂದೆ. ಮೊದಲ ಮೆಟ್ಟಿಲು ಇಳಿಯೋದು ಅಲ್ಲೇ.

ಈ ಗ್ರಾಫಿನ ಅಕ್ಕಪಕ್ಕ ಅನುಮಾನದ ಪಟ್ಟಿಯನ್ನೂ (ನಿಜವಾದ ಗೆರೆ ಎಲ್ಲಿಂದ ಎಲ್ಲಿಯ ತನಕ ಇರಬಹುದು ಅನ್ನೋ ಹರವು) ಕಡಿಗೆರೆಯಲ್ಲಿ ಹಾಕಿಕೊಡುತ್ತದೆ. ಹನ್ನೆರಡೇ ಸಿಲಿಂಡರ್ ಆದ್ದರಿಂದ ಅದು ಬಾಗಿಲಷ್ಟು ಅಗಲ ಬಂತು. ಮುಚ್ಚಿಡಬೇಡಿ, ಇರಲಿ.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಒಂದು ಮಾತು. ಆರ್‌ನ ಮಾಮೂಲಿ ಪಿಡಿಎಫ್ ಕಮಾಂಡಿನಲ್ಲಿ ಅಕ್ಷದ ಪಕ್ಕ ರೆಪೊ ದರ ಅಂತ ಬರೆದರೆ ಎಚ್ಚರಿಕೆಯ ಸಾಲುಗಳು ಓಡಿ, ಗ್ರಾಫಿನಲ್ಲಿ ಬರೀ ಚುಕ್ಕೆಗಳ ಸಾಲು ಉಳಿಯುತ್ತದೆ. ನನ್ನದು ಉಬುಂಟು ಇರುವ ಹಳೇ ಲ್ಯಾಪ್‌ಟಾಪ್. ಅದರಲ್ಲಿ ಕೈರೋ ಪಿಡಿಎಫ್ ಕಮಾಂಡ್ ಹಾಕಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟರೆ ಒತ್ತಕ್ಷರವೂ ಸರಿಯಾಗಿ ಬರುತ್ತದೆ. ಬ್ಯಾಂಕಿಗೆ ಒಯ್ದ ಎರಡನೇ ಹಾಳೆಯಲ್ಲಿ ಎಲ್ಲವೂ ಕನ್ನಡದಲ್ಲೇ ಇತ್ತು.

ಹೌದು, ಎರಡನೇ ಸಲ ಹೋದೆ. ಈ ಬಾರಿ ಎರಡು ಸ್ಟೆಪ್‌ಫನ್. ಒಂದು ರೆಪೊ. ಇನ್ನೊಂದು ಪಾಸ್‌ಬುಕ್ಕು, ಎಸ್ಎಂಎಸ್ಸು ಎಲ್ಲ ಹುಡುಕಿ ಹಾಕಿದ ನಮ್ಮ ಸಾಲದ ಬಡ್ಡಿ. ಮೊದಲನೆಯದನ್ನು ಪ್ಲಾಟ್ ಮಾಡಿ, ಎರಡನೆಯದನ್ನು ಲೈನ್ಸ್ ಅಂತ ಹೇಳಿ ಅದರ ಮೇಲೇ ಕೂರಿಸಿದೆ. ರೆಪೊ ಇಳಿದ ಕೆಲವು ವಾರ ಬಿಟ್ಟು ನಮ್ಮದು ಇಳಿದಿದೆ, ಪ್ರತಿ ಸಲವೂ. ಅದಕ್ಕೂ ನಿಯಮ ಇದೆ. ಹೀಗೆ ಹೊರಗಿನ ದರಕ್ಕೆ ಕಟ್ಟಿದ ಸಾಲಗಳ ಬಡ್ಡಿಯನ್ನು ಬ್ಯಾಂಕು ಕನಿಷ್ಠ ಮೂರು ತಿಂಗಳಿಗೊಮ್ಮೆ ಸರಿಮಾಡಬೇಕು. ಅಂದರೆ ನಮ್ಮ ಮೆಟ್ಟಿಲು ಮೂರು ತಿಂಗಳ ತನಕ ಹಿಂದೆ ಬೀಳಬಹುದು. ನಮ್ಮದು ಅಷ್ಟರೊಳಗೇ ಇತ್ತು. ಜಗಳಕ್ಕೆ ಏನೂ ಉಳಿಯಲಿಲ್ಲ. ಅದೇ ಹುಡುಗ ಹಾಳೆ ತೆಗೆದುಕೊಂಡು ಸುಮಾರು ಹೊತ್ತು ನೋಡಿದ. "ಮೇಡಂ, ಇದು ಎಕ್ಸೆಲ್‌ನಲ್ಲಿ ಹೇಗೆ ಬರಿಸಿದ್ರಿ?" ಅಂತ ಕೇಳಿದ. ಕೂತು ಹೇಳಿಕೊಟ್ಟೆ. ಟೋಕನ್ ನಂಬರ್ ಹನ್ನೊಂದರವರು ಹಿಂದಿನಿಂದ ಕೆಮ್ಮುತ್ತಿದ್ದರು.